ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿ ಮಕ್ಕಳ ಗುಂಪಿನ ಕ್ಯಾಂಪ್: ಎರಡು ರಾತ್ರಿಗೆ ತಯಾರಿ ಹೇಗೆ?

ಚಳಿಗಾಲ ಮುಗಿಯುತ್ತಾ ಬಂದ ಹಾಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಮಗನ ಸ್ಕೌಟ್ ಗುಂಪು ಗೆಟ್ಟಿಸ್‌ಬರ್ಗ್‌ಗೆ ಹೊರಟಿದೆ, ನಾನು ಜೊತೆಗೆ ಹೋಗ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದೇನೆ, ಈಗ ಏನು ಮಾಡಲಿ?" ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ಕೇಳುವುದು ಇದನ್ನೇ. ಟೆಂಟ್ ಹೊಡೆಯುವುದು ಕೆಲವರಿಗೆ ಗೊತ್ತಿರುತ್ತದೆ, ಇತಿಹಾಸ ಗೊತ್ತಿರುವುದಿಲ್ಲ. ಇನ್ನು ಕೆಲವರದ್ದು ಇದಕ್ಕೆ ಉಲ್ಟಾ. ಇಬ್ಬರಿಗೂ ಉಪಯೋಗವಾಗಲಿ ಅಂತ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಇರಲಿ. ಇದು ಬರೀ ಕಾಡಿನ ಕ್ಯಾಂಪ್ ಅಲ್ಲ. ಅಮೆರಿಕದ ಉತ್ತರ ದಕ್ಷಿಣಗಳ ನಡುವಿನ ಅಂತರ್ಯುದ್ಧದಲ್ಲಿ, ಪೆನ್ಸಿಲ್ವೇನಿಯಾದ ಈ ಊರಿನ ಸುತ್ತ 1863ರ ಜುಲೈ 1, 2 ಮತ್ತು 3ರಂದು ಸುಮಾರು 1,65,000 ಸೈನಿಕರು ಹೋರಾಡಿದರು. ಮಕ್ಕಳು ಮಲಗುವ ನೆಲದ ಮೇಲೆ ಆಗ ಗಾಯಾಳುಗಳು ಮಲಗಿದ್ದರು. ನಿಮ್ಮ ಎಲ್ಲ ತಯಾರಿ, ಅಡುಗೆಯ ಪಟ್ಟಿ ಕೂಡ, ಮಕ್ಕಳಿಗೆ ಆ ನೆಲದ ಮೇಲೆ ನಿಧಾನವಾಗಿ ನಡೆಯಲು ಬಿಡುವು ಸಿಗುವ ಹಾಗೆ ಇರಬೇಕು.

1. ತಾರೀಖು ಮತ್ತು ಜಾಗ

ರಣಭೂಮಿಯನ್ನು ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್ ಸರ್ವಿಸ್ ಎಂಬ ಸರ್ಕಾರಿ ಇಲಾಖೆ. ಅದರೊಳಗೇ, ಸೆಮಿನರಿ ರಿಜ್ ಎಂಬ ದಿಬ್ಬದ ಸಾಲಿನಲ್ಲಿ, ಮಕ್‌ಮಿಲನ್ ವುಡ್ಸ್ ಎಂಬ ಕ್ಯಾಂಪ್ ಜಾಗ ಇದೆ. ಇದು ಸಂಸಾರಗಳಿಗಲ್ಲ. ಸ್ಕೌಟ್ ಗುಂಪು, ಚರ್ಚ್ ಅಥವಾ ಶಾಲೆಯ ಮಕ್ಕಳ ಗುಂಪು, ಹೀಗೆ ಸಂಘಟಿತ ಗುಂಪುಗಳಿಗೆ ಮಾತ್ರ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ರಿಕ್ರಿಯೇಶನ್ ಡಾಟ್ ಗವ್ ಎಂಬ ಸರ್ಕಾರಿ ತಾಣದಲ್ಲಿ ಮೊದಲೇ ಕಾಯ್ದಿರಿಸಬೇಕು. ವಸಂತ ಮತ್ತು ಶರತ್ಕಾಲದ ವಾರಾಂತ್ಯಗಳು ಬೇಗ ತುಂಬಿಹೋಗುತ್ತವೆ. ಹಾಗಾಗಿ ಮಕ್ಕಳ ಹೆಸರು ಪಕ್ಕಾ ಆಗಲಿ ಅಂತ ಕಾಯಬೇಡಿ. ಮೊದಲು ಜಾಗ ಹಿಡಿಯಿರಿ.

ಅಲ್ಲಿ ಸಿಗದಿದ್ದರೆ ಊರಿನ ಸುತ್ತ ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳಿವೆ. ಸ್ನಾನಕ್ಕೆ ಬಿಸಿನೀರು, ಈಜುಕೊಳ ಎಲ್ಲ ಇರುತ್ತವೆ. ಆದರೂ ನನ್ನ ಮನಸ್ಸು ಮಕ್‌ಮಿಲನ್ ವುಡ್ಸ್ ಕಡೆಗೇ. ಬೆಳಿಗ್ಗೆ ಎದ್ದು ಕಾಡಿನ ಅಂಚಿಗೆ ಬಂದರೆ ಎದುರಿಗೆ ರಣಭೂಮಿಯ ಹೊಲಗಳು ಹರಡಿಕೊಂಡಿರುತ್ತವೆ. ಬಸ್ಸಿನಲ್ಲಿ ಬಂದು ಹೋಗುವವರಿಗೆ ಆ ಹೊತ್ತು ಸಿಗುವುದಿಲ್ಲ.

ಯಾವ ತಿಂಗಳು? ಏಪ್ರಿಲ್ ಕೊನೆ, ಮೇ, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಕದನ ನಡೆದದ್ದು ಜುಲೈನಲ್ಲಿ, ಆದ್ದರಿಂದ ಜುಲೈನಲ್ಲೇ ಹೋಗೋಣ ಅಂತ ಅನ್ನಿಸುವುದು ಸಹಜ. ಆದರೆ ಜುಲೈ ಮೊದಲ ವಾರ ಜನಜಂಗುಳಿ. ಬಿಸಿಲು, ಸೆಖೆ, ಸಂಜೆಗೆ ಗುಡುಗು ಮಳೆ. ಚಿಕ್ಕ ಮಕ್ಕಳ ಗುಂಪಾದರೆ ಬೇಡವೇ ಬೇಡ.

ರಣಭೂಮಿ ನೋಡಲು ಪ್ರವೇಶ ಶುಲ್ಕ ಇಲ್ಲ. ಖರ್ಚು ಬರುವುದು ಕ್ಯಾಂಪ್ ಜಾಗಕ್ಕೆ, ಮ್ಯೂಸಿಯಂ ಟಿಕೆಟಿಗೆ, ಗೈಡ್ ತೆಗೆದುಕೊಂಡರೆ ಅವರಿಗೆ.

2. ಜೊತೆಗೆ ಬರುವ ದೊಡ್ಡವರು ಮತ್ತು ಕಾಗದಪತ್ರ

ಪ್ರತಿ 10 ಮಕ್ಕಳಿಗೆ ಕಡಿಮೆ ಅಂದರೂ ಒಬ್ಬ ದೊಡ್ಡವರು ಬೇಕು. ಆದರೆ ಗುಂಪು ಎಷ್ಟೇ ಚಿಕ್ಕದಿರಲಿ, ಒಬ್ಬರೇ ಹೋಗುವ ಹಾಗಿಲ್ಲ. ಸ್ಕೌಟ್‌ಗಳಲ್ಲಿ ಇದಕ್ಕೆ 'ಟೂ ಡೀಪ್ ಲೀಡರ್‌ಶಿಪ್' ಅನ್ನುತ್ತಾರೆ. ಅಂದರೆ 21 ವರ್ಷ ದಾಟಿದ, ಸಂಸ್ಥೆಯಲ್ಲಿ ನೋಂದಾಯಿಸಿದ ಇಬ್ಬರು ಯಾವಾಗಲೂ ಇರಬೇಕು. ಯಾವ ದೊಡ್ಡವರೂ ಬೇರೆಯವರ ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಮಕ್ಕಳ ಟೆಂಟ್ ಬೇರೆ, ದೊಡ್ಡವರ ಟೆಂಟ್ ಬೇರೆ. "ನಾವೆಲ್ಲ ಪರಿಚಯದವರೇ ಅಲ್ವಾ" ಅಂತ ಇದನ್ನು ಸಡಿಲ ಮಾಡಬೇಡಿ. ಮಕ್ಕಳನ್ನೂ ದೊಡ್ಡವರನ್ನೂ ಇಬ್ಬರನ್ನೂ ಕಾಪಾಡುವ ನಿಯಮ ಇದು.

ಪ್ರತಿ ಮಗುವಿನ ಆರೋಗ್ಯ ಫಾರ್ಮ್, ತಂದೆತಾಯಿಯ ಸಹಿ ಇರುವ ಒಪ್ಪಿಗೆ ಪತ್ರ, ವಿಮೆಯ ಕಾರ್ಡಿನ ಪ್ರತಿ, ಇವನ್ನು ಕಾಗದದಲ್ಲೇ ಒಂದು ಫೈಲಿನಲ್ಲಿ ಇಡಿ. ಫೋನಿನಲ್ಲಿ ಇದ್ದರೆ ಸಾಲದು, ಬ್ಯಾಟರಿ ಖಾಲಿಯಾದಾಗಲೇ ಬೇಕಾಗುತ್ತದೆ. ಕಡಲೆಕಾಯಿ, ಜೇನ್ನೊಣದಂಥ ಅಲರ್ಜಿ ಇರುವ ಮಗುವಿನ ಎಪಿಪೆನ್ ಯಾರ ಬೆನ್ನಚೀಲದಲ್ಲಿ ಇದೆ ಎಂಬುದು ಎಲ್ಲ ದೊಡ್ಡವರಿಗೂ ಗೊತ್ತಿರಬೇಕು. ಎಪಿಪೆನ್ ಅಂದರೆ ತೀವ್ರ ಅಲರ್ಜಿ ಆದ ಕೂಡಲೇ ತೊಡೆಗೆ ಚುಚ್ಚುವ ಸಿದ್ಧ ಇಂಜೆಕ್ಷನ್. ಅದು ವ್ಯಾನಿನಲ್ಲಿ ಬಿದ್ದಿದ್ದರೆ ಪ್ರಯೋಜನ ಇಲ್ಲ. ಬಿಸಿಲಿಗೆ ನಿಂತ ವ್ಯಾನಿನೊಳಗೆ ಔಷಧಿ ಕೂಡ ಕೆಡುತ್ತದೆ.

3. ಹೋಗುವ ಮುಂಚೆ: ಒಂದು ಮಗುವಿಗೆ ಒಂದು ಹೆಸರು

ಎಲ್ಲರೂ ಹಾರಿಸಿಬಿಡುವ ಹಂತ ಇದು. ನನ್ನ ಪ್ರಕಾರ ಇದೇ ಮುಖ್ಯವಾದದ್ದು.

ತಿಂಗಳ ಮುಂಚೆ ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಳ್ಳಿ. ಯುದ್ಧ ಯಾಕೆ ಆಯಿತು ಅಂತ ಹತ್ತೇ ನಿಮಿಷದಲ್ಲಿ ಹೇಳಿ. ದಕ್ಷಿಣದ 11 ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟವು. ಬೇರು ಗುಲಾಮಗಿರಿಯಲ್ಲಿತ್ತು. ಇದನ್ನು ತಿರುಗಿಸಿ ಮುರುಗಿಸಿ ಹೇಳಬೇಡಿ. 1861ರ ಮಾರ್ಚ್‌ನಲ್ಲಿ ದಕ್ಷಿಣದ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ತಮ್ಮ ಭಾಷಣದಲ್ಲಿ ಹೊಸ ಸರ್ಕಾರದ ಮೂಲೆಗಲ್ಲೇ ಕಪ್ಪು ಜನರ ಗುಲಾಮಗಿರಿ ಎಂದು ಬಾಯಿಬಿಟ್ಟು ಹೇಳಿದ್ದರು. ಉತ್ತರದ ಸೈನ್ಯಕ್ಕೆ ಯೂನಿಯನ್ ಅಂತ ಹೆಸರು, ದಕ್ಷಿಣದ್ದಕ್ಕೆ ಕಾನ್ಫೆಡರೇಟ್. ಈ ಎರಡು ಪದ ಪ್ರತಿ ಫಲಕದ ಮೇಲೂ ಕಾಣುತ್ತವೆ. ಮೂರನೆಯದು ರೆಜಿಮೆಂಟ್. ಸಾಮಾನ್ಯವಾಗಿ ಒಂದೇ ರಾಜ್ಯದವರನ್ನು ಸೇರಿಸಿ ಕಟ್ಟಿದ, ಲೆಕ್ಕಕ್ಕೆ 1000 ಜನರ ಪಡೆ. ಗೆಟ್ಟಿಸ್‌ಬರ್ಗ್ ಹೊತ್ತಿಗೆ ಎಷ್ಟೋ ರೆಜಿಮೆಂಟ್‌ಗಳಲ್ಲಿ ಉಳಿದವರು 300, 400 ಅಷ್ಟೇ.

ಆಮೇಲೆ ಪ್ರತಿ ಮಗುವಿಗೂ ಒಬ್ಬರ ಹೆಸರು ಕೊಡಿ. ಅವರ ಬಗ್ಗೆ ಓದಿಕೊಂಡು ಬಂದು, ಆ ಜಾಗದಲ್ಲೇ ನಿಂತು ಎರಡು ನಿಮಿಷ ಹೇಳುವುದು ಆ ಮಗುವಿನ ಕೆಲಸ. ದೊಡ್ಡ ಸೇನಾಪತಿಗಳನ್ನೇ ಹಂಚಬೇಡಿ. ಮೀಡ್ ಯೂನಿಯನ್ ಸೇನಾಪತಿ, ಲೀ ಕಾನ್ಫೆಡರೇಟ್ ಸೇನಾಪತಿ ಅಂತ ಗೊತ್ತಿದ್ದರೆ ಸಾಕು. ಇಂಥವರನ್ನು ಕೊಡಿ:

ಏಮೊಸ್ ಹ್ಯೂಮಿಸ್ಟನ್. ನ್ಯೂಯಾರ್ಕ್‌ನ 154ನೇ ರೆಜಿಮೆಂಟಿನ ಸಾರ್ಜೆಂಟ್. ಮೊದಲ ದಿನವೇ ಸತ್ತರು. ಶವದ ಕೈಯಲ್ಲಿ ಮೂರು ಮಕ್ಕಳ ಒಂದು ಫೋಟೊ ಇತ್ತು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಆಗ ಪತ್ರಿಕೆಯಲ್ಲಿ ಫೋಟೊ ಅಚ್ಚು ಹಾಕಲು ಆಗುತ್ತಿರಲಿಲ್ಲ. ಮಕ್ಕಳ ಮುಖ, ಬಟ್ಟೆ ಹೇಗಿದೆ ಅಂತ ಮಾತಿನಲ್ಲೇ ವಿವರಿಸಿ ಬರೆದರು. ಅದನ್ನು ಓದಿ ಹೆಂಡತಿಗೆ ಗೊತ್ತಾಯಿತು. ಇದನ್ನು ಹೇಳುವಾಗ ಮಕ್ಕಳ ದನಿ ತಾನಾಗಿಯೇ ತಗ್ಗುತ್ತದೆ.

ಎಲಿಜಬೆತ್ ಥಾರ್ನ್. ಸ್ಮಶಾನ ನೋಡಿಕೊಳ್ಳುತ್ತಿದ್ದವರ ಹೆಂಡತಿ. ಗಂಡ ಸೈನ್ಯದಲ್ಲಿ, ತಾನು ಆರು ತಿಂಗಳ ಬಸುರಿ. ಕದನ ಮುಗಿದ ಮೇಲೆ ಜುಲೈ ಸೆಖೆಯಲ್ಲಿ ವಯಸ್ಸಾದ ಅಪ್ಪನ ಜೊತೆ ಸುಮಾರು ನೂರು ಸೈನಿಕರಿಗೆ ಗುಂಡಿ ತೋಡಿದರು.

ಏಬ್ರಹಾಂ ಬ್ರಯಾನ್. ಸ್ವಂತ ಜಮೀನಿದ್ದ ಸ್ವತಂತ್ರ ಕಪ್ಪು ರೈತ. ಆ ಸಲ ಕಾನ್ಫೆಡರೇಟ್ ಸೈನ್ಯ ಪೆನ್ಸಿಲ್ವೇನಿಯಾದಲ್ಲಿ ಸಿಕ್ಕ ಕಪ್ಪು ಜನರನ್ನು ಹಿಡಿದು ದಕ್ಷಿಣಕ್ಕೆ ಎಳೆದೊಯ್ಯುತ್ತಿತ್ತು. ಆದ್ದರಿಂದ ಬ್ರಯಾನ್ ಸಂಸಾರ ಮೊದಲೇ ಊರು ಬಿಟ್ಟಿತು. ಅವರ ಮನೆ ಇವತ್ತಿಗೂ ನಿಂತಿದೆ. ಯುದ್ಧ ಯಾತಕ್ಕಾಗಿ ಅಂತ ಮಕ್ಕಳಿಗೆ ಅರ್ಥವಾಗುವುದು ಆ ಚಿಕ್ಕ ಬಿಳಿ ಮನೆಯ ಮುಂದೆ.

ಟಿಲ್ಲಿ ಪಿಯರ್ಸ್. 15 ವರ್ಷದ ಹುಡುಗಿ. ಅಪಾಯದಿಂದ ದೂರ ಇರಲಿ ಅಂತ ಒಂದು ತೋಟದ ಮನೆಗೆ ಕಳಿಸಿದರೆ, ಕದನ ಅಲ್ಲಿಗೇ ಬಂತು. ಸೈನಿಕರಿಗೆ ನೀರು ಕೊಡುತ್ತಾ, ಗಾಯಾಳುಗಳನ್ನು ನೋಡಿಕೊಳ್ಳುತ್ತಾ ಅಲ್ಲೇ ಉಳಿದಳು.

ತುಂಬಾ ಚಿಕ್ಕ ಮಕ್ಕಳಿಗೆ ಸ್ಯಾಲಿ. ಇದು ಪೆನ್ಸಿಲ್ವೇನಿಯಾದ 11ನೇ ರೆಜಿಮೆಂಟಿನ ನಾಯಿ. ಮೊದಲ ದಿನ ಪಡೆ ಹಿಂದೆ ಸರಿದಾಗ ಇದು ತನ್ನವರ ಹತ್ತಿರವೇ ಉಳಿಯಿತು. ಸತ್ತವರ, ಗಾಯಗೊಂಡವರ ಪಕ್ಕದಲ್ಲಿ ಸಿಕ್ಕಿತು. ಓಕ್ ರಿಜ್ ಮೇಲೆ ಆ ರೆಜಿಮೆಂಟಿನ ಸ್ಮಾರಕದ ಬುಡದಲ್ಲಿ ಕಂಚಿನ ಸ್ಯಾಲಿ ಮಲಗಿದೆ.

ಒಂದು ತಪ್ಪು ಎಲ್ಲ ಕಡೆ ಕೇಳಿಬರುತ್ತದೆ, ನೀವು ಹೇಳಬೇಡಿ: "ಇಲ್ಲಿ 51 ಸಾವಿರ ಜನ ಸತ್ತರು." ಸುಮಾರು 51 ಸಾವಿರ ಎನ್ನುವುದು ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲ ಸೇರಿ. ರಣಭೂಮಿಯಲ್ಲೇ ಸತ್ತವರು 7 ಸಾವಿರಕ್ಕೂ ಹೆಚ್ಚು. ಆ ಸಂಖ್ಯೆಯೇ ಸಾಕಷ್ಟು ಭಾರ ಇದೆ.

4. ಸಾಮಾನು

ಟೆಂಟ್, ಮಲಗುವ ಚೀಲ, ಹೆಡ್‌ಲ್ಯಾಂಪ್, ಮಳೆ ಅಂಗಿ. ಈ ಪಟ್ಟಿ ನಿಮ್ಮ ಗುಂಪಿನ ಹತ್ತಿರವೇ ಇರುತ್ತದೆ. ನಾನು ಒತ್ತಿ ಹೇಳುವುದು ಕೆಲವನ್ನು ಮಾತ್ರ.

ಮಲಗುವ ಚೀಲದ ಕೆಳಗೆ ಹಾಸಲು ಪ್ಯಾಡ್ ಬೇಕೇ ಬೇಕು. ಚೀಲ ಎಷ್ಟೇ ದಪ್ಪ ಇರಲಿ, ಮೈಭಾರಕ್ಕೆ ಅಡಿಭಾಗ ಚಪ್ಪಟೆಯಾಗಿ ನೆಲದ ತಂಪು ನೇರ ಮೈಗೆ ಹತ್ತುತ್ತದೆ. ಮೇ ತಿಂಗಳಲ್ಲೂ ರಾತ್ರಿ ಚಳಿ ಇರುತ್ತದೆ. ಮೂರು ಜೊತೆ ಕಾಲುಚೀಲ ತರಲಿ, ಬೆಳಗಿನ ಇಬ್ಬನಿಗೆ ಒಂದು ಜೊತೆ ನೆನೆದೇ ನೆನೆಯುತ್ತದೆ. ಶೂ ಹೊಸದು ಬೇಡ, ಎರಡು ವಾರ ಹಾಕಿ ಪಳಗಿಸಿದ್ದು ಬೇಕು. ನೀರು ತಲೆಗೆ ಎರಡು ಲೀಟರ್ ಹೊರುವಷ್ಟು ಬಾಟಲಿ. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರ್‌ಗಿಂತ ಜಾಸ್ತಿಯೇ ಬೇಕಾಗುತ್ತದೆ. ರಣಭೂಮಿಯ ದಾರಿಯಲ್ಲಿ ಎಲ್ಲೆಂದರಲ್ಲಿ ನಲ್ಲಿ ಸಿಗುವುದಿಲ್ಲ.

ಸೌದೆ ಮನೆಯಿಂದ ತರಬೇಡಿ. ಇದು ಸಣ್ಣ ಮಾತಲ್ಲ. ಆ್ಯಶ್ ಮರಗಳನ್ನು ಕೊಲ್ಲುವ ಹಸಿರು ಹುಳು ಹರಡಿದ್ದು ಬಹಳಷ್ಟು ಹೀಗೆ ಒಂದೂರಿಂದ ಇನ್ನೊಂದೂರಿಗೆ ಒಯ್ದ ಸೌದೆಯಿಂದಲೇ. ಲ್ಯಾಂಟರ್ನ್‌ಫ್ಲೈ ಎಂಬ ಚುಕ್ಕೆ ಕೀಟ ಹರಡದ ಹಾಗೆಯೂ ಪೆನ್ಸಿಲ್ವೇನಿಯಾದಲ್ಲಿ ನಿರ್ಬಂಧ ಇದೆ. ಹತ್ತಿರದಲ್ಲೇ ಸೌದೆ ಕೊಳ್ಳಿ, ಪಾರ್ಕಿನೊಳಗೆ ಬಿದ್ದ ಕಟ್ಟಿಗೆ ಆರಿಸಬೇಡಿ. ಬೆಂಕಿ ಎಲ್ಲಿ ಹಾಕಬಹುದು ಎಂಬುದು ಕಾಯ್ದಿರಿಸಿದ ಪತ್ರದ ನಿಯಮದಲ್ಲಿ ಇರುತ್ತದೆ. ಅದನ್ನು ಮುದ್ರಿಸಿಕೊಂಡು ಹೋಗಿ.

ಮನೆಯಲ್ಲೇ ಬಿಡಬೇಕಾದ್ದು: ಆಟದ ಬಂದೂಕು, ಡ್ರೋನ್, ಮೆಟಲ್ ಡಿಟೆಕ್ಟರ್. ಡ್ರೋನ್ ಹಾರಿಸುವುದು ಅಲ್ಲಿ ನಿಷೇಧ. ಮೆಟಲ್ ಡಿಟೆಕ್ಟರ್ ಬಳಸುವುದಂತೂ ಅಪರಾಧ.

5. ಉಣುಗು, ವಿಷಬಳ್ಳಿ, ಸಿಡಿಲು

ಇಲ್ಲಿ ನಿಜವಾದ ಅಪಾಯ ಇರುವುದು ಗಸಗಸೆ ಕಾಳಿನಷ್ಟು ಚಿಕ್ಕ ಪ್ರಾಣಿಯಿಂದ. ಉಣುಗು, ಅಂದರೆ ಟಿಕ್. ಜಿಂಕೆ ಉಣುಗಿನ ಮರಿ ಅಷ್ಟೇ ಗಾತ್ರ ಇರುತ್ತದೆ, ವಸಂತದ ಕೊನೆ ಮತ್ತು ಬೇಸಿಗೆಯಲ್ಲಿ ಜಾಸ್ತಿ. ಇದು ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಜ್ವರ, ಸುಸ್ತು, ಕೀಲುನೋವು, ಚರ್ಮದ ಮೇಲೆ ಹರಡುತ್ತಾ ಹೋಗುವ ಕೆಂಪು ಮಚ್ಚೆ ಇದರ ಲಕ್ಷಣ. ಅಮೆರಿಕದಲ್ಲಿ ಲೈಮ್ ತುಂಬಾ ಕಾಣುವ ರಾಜ್ಯಗಳಲ್ಲಿ ಪೆನ್ಸಿಲ್ವೇನಿಯಾ ಒಂದು. ಗೆಟ್ಟಿಸ್‌ಬರ್ಗ್‌ನ ಎತ್ತರದ ಹುಲ್ಲು, ಕಾಡಿನ ಅಂಚು ಎರಡೂ ಅದಕ್ಕೆ ಪ್ರಿಯವಾದ ಜಾಗ.

ಮಾಡಬೇಕಾದ್ದು ಇಷ್ಟು. ಹೊರಡುವ ಎರಡು ದಿನ ಮುಂಚೆ ಶೂ, ಕಾಲುಚೀಲ, ಪ್ಯಾಂಟಿಗೆ 0.5% ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಹೊರಗೆ ಒಣಗಿಸಿ. ಇದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವಂಥದ್ದಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಒಣಗುವ ತನಕ ದೂರ ಇಡಿ, ಬೆಕ್ಕಿಗೆ ಇದು ವಿಷ. ಮೈಗೆ 20ರಿಂದ 30% ಡೀಟ್ ಇರುವ, ಕೀಟ ದೂರ ಇಡುವ ಔಷಧಿ ಹಚ್ಚಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿ. ಹದಿಹರೆಯದವರು ಚೆನ್ನಾಗಿ ಕಾಣಲ್ಲ ಅಂತ ಗೊಣಗುತ್ತಾರೆ. ನೀವೇ ಮೊದಲು ತೂರಿಸಿ ನಿಂತರೆ ಅವರೂ ಮಾಡುತ್ತಾರೆ.

ದಿನಕ್ಕೆ ಎರಡು ಸಲ ತಪಾಸಣೆ. ಮಂಡಿಯ ಹಿಂದೆ, ಸೊಂಟದ ಸುತ್ತ, ಕಂಕುಳು, ಕಿವಿಯ ಹಿಂದೆ, ಕೂದಲೊಳಗೆ. ಪ್ರತಿ ಮಗುವೂ ತನ್ನದನ್ನು ತಾನೇ ನೋಡಿಕೊಳ್ಳಲಿ, ಕೂದಲು ಕಿವಿ ಮಾತ್ರ ಜೊತೆಯವರು ನೋಡಲಿ. ಕಚ್ಚಿದ್ದು ಸಿಕ್ಕರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ತಿರುಚಬೇಡಿ. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಹಾಕುವುದು, ನೈಲ್ ಪಾಲಿಶ್ ಹಚ್ಚುವುದು, ಯಾವುದೂ ಬೇಡ. ಕಚ್ಚಿ 24 ಗಂಟೆಯೊಳಗೆ ತೆಗೆದರೆ ಲೈಮ್ ಬರುವ ಸಾಧ್ಯತೆ ತುಂಬಾ ಕಡಿಮೆ. ದಿನಕ್ಕೆ ಎರಡು ಸಲ ನೋಡಿ ಅನ್ನುವುದು ಅದಕ್ಕೇ.

ವಿಷಬಳ್ಳಿ, ಅಲ್ಲಿನವರು ಪಾಯ್ಸನ್ ಐವಿ ಅನ್ನುತ್ತಾರೆ, ಬೇಲಿ ಮತ್ತು ಮರದ ಬುಡದಲ್ಲಿ ಹಬ್ಬಿರುತ್ತದೆ. ಒಂದು ತೊಟ್ಟಿಗೆ ಮೂರು ಎಲೆ. ಮುಟ್ಟಿದರೆ ತಕ್ಷಣ ಸೋಪು ನೀರಿನಲ್ಲಿ ತೊಳೆಯಬೇಕು. ಅದನ್ನು ಸುಟ್ಟರೆ ಹೊಗೆ ಕೂಡ ಅಪಾಯ.

ಗುಡುಗು ಕೇಳಿದರೆ ಬಯಲು ಬಿಟ್ಟು ಕಟ್ಟಡದೊಳಗೆ ಅಥವಾ ಗಟ್ಟಿ ಮೇಲ್ಛಾವಣಿಯ ವಾಹನದೊಳಗೆ ಹೋಗಿ. ಟೆಂಟ್ ಸುರಕ್ಷಿತ ಅಲ್ಲ. ಒಂಟಿ ಮರ, ಫಿರಂಗಿ, ಎತ್ತರದ ಸ್ಮಾರಕದ ಹತ್ತಿರ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬೇಡಿ.

6. ಶುಕ್ರವಾರ ಸಂಜೆ

ಬೆಳಕಿರುವಾಗಲೇ ತಲುಪಿ. ಕತ್ತಲಲ್ಲಿ 15 ಟೆಂಟ್ ಹೊಡೆಯುವುದು ಯಾರಿಗೂ ಬೇಡ. ಟೆಂಟಿನ ಮೊಳೆ ಬಿಟ್ಟು ಬೇರೆ ಯಾವುದಕ್ಕೂ ನೆಲ ಅಗೆಯಬೇಡಿ, ಮಳೆನೀರಿಗೆ ಕಾಲುವೆ ಕೂಡ ತೋಡಬಾರದು. ಊಟ ಸುಲಭದ್ದು ಇರಲಿ. ಮನೆಯಲ್ಲೇ ಮಾಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ ತಂದ ಸೂಪ್ ಬಿಸಿ ಮಾಡಿದರೆ ಆಯಿತು. ಒಲೆಯನ್ನು ಟೆಂಟಿನೊಳಗೆ ಎಂದೂ ಹಚ್ಚಬಾರದು. ಮಳೆ ಬಂದರೂ ಸರಿ, ಚಳಿಯಾದರೂ ಸರಿ. ಬೆಂಕಿಗಿಂತ ಮುಂಚೆ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ.

ಮಲಗುವ ಮುಂಚೆ ನಿಯಮ ಹೇಳಿ. ಸ್ಮಾರಕ, ಫಿರಂಗಿ, ಬೇಲಿ ಹತ್ತುವ ಹಾಗಿಲ್ಲ. ನೆಲದಲ್ಲಿ ಏನು ಸಿಕ್ಕರೂ, ಒಂದು ಗುಂಡು, ಅಂಗಿಯ ಒಂದು ಗುಂಡಿ, ಮುಟ್ಟದೆ ಅಲ್ಲೇ ಬಿಟ್ಟು ದೊಡ್ಡವರಿಗೆ ಹೇಳಬೇಕು. ಯಾಕೆ ಅಂತಲೂ ಹೇಳಿ. 1996ರಲ್ಲಿ, ಮೊದಲ ದಿನದ ಕಾಳಗ ನಡೆದ, ರೈಲು ಹಳಿಗಾಗಿ ದಿಬ್ಬ ಕಡಿದು ಮಾಡಿದ ಹಳ್ಳದ ಹತ್ತಿರ ಮಳೆಗೆ ಮಣ್ಣು ಸವೆದು ಒಬ್ಬ ಸೈನಿಕನ ಮೂಳೆಗಳು ಹೊರಬಂದವು. ಯಾವ ಕಡೆಯವನು ಅಂತ ಗೊತ್ತಾಗಲಿಲ್ಲ. ಮರುವರ್ಷ ಜುಲೈ 1ರಂದು ಗೌರವದಿಂದ ಮಣ್ಣು ಮಾಡಿದರು. ಈ ಕಥೆ ಕೇಳಿದ ಮಕ್ಕಳಿಗೆ ಮತ್ತೆ ನಿಯಮ ನೆನಪಿಸಬೇಕಾಗಿ ಬಂದದ್ದು ನಾನು ನೋಡಿಲ್ಲ.

7. ಶನಿವಾರ: ಕಡಿಮೆ ಜಾಗ, ಹೆಚ್ಚು ಹೊತ್ತು

ಪಾರ್ಕಿನ ವಾಹನ ಸುತ್ತು 24 ಮೈಲಿ, 16 ನಿಲ್ದಾಣ. ಮೊದಲ ಸಲ ನಾನು ಎಲ್ಲವನ್ನೂ ಒಂದೇ ದಿನ ತೋರಿಸಲು ಹೊರಟೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳು ವ್ಯಾನಿನಿಂದ ಇಳಿಯುವುದನ್ನೇ ನಿಲ್ಲಿಸಿದರು. ಆಮೇಲಿಂದ ನಾಲ್ಕೇ ಜಾಗ.

ಬೆಳಿಗ್ಗೆ ಓಕ್ ರಿಜ್. ಸ್ಯಾಲಿ ಅಲ್ಲೇ ಇದೆ. ಮೊದಲ ದಿನ ಯೂನಿಯನ್ ಪಡೆ ಇಲ್ಲಿಂದ ಊರೊಳಗೆ ಹಾಯ್ದು ಸೆಮೆಟರಿ ಹಿಲ್ ಕಡೆಗೆ ಹಿಂದೆ ಸರಿಯಿತು. ಅರ್ಧ ಗಂಟೆ ಸಾಕು.

ಅಲ್ಲಿಂದ ಲಿಟ್ಲ್ ರೌಂಡ್ ಟಾಪ್ ಗುಡ್ಡ ಮತ್ತು ಅದರ ಕೆಳಗಿನ ಡೆವಿಲ್ಸ್ ಡೆನ್ ಬಂಡೆಗಳು. ಎರಡನೇ ದಿನದ ಕದನ ಇಲ್ಲಿಯದು. ಗುಡ್ಡದ ತುದಿಗೆ ಹೋಗಿ ಕೆಳಗೆ ನೋಡಲಿ. ಈ ಗುಡ್ಡ ಯಾಕೆ ಬೇಕಿತ್ತು ಅಂತ ನೀವು ಹೇಳಬೇಡಿ, ಅವರನ್ನೇ ಕೇಳಿ. ಒಂದು ನಿಮಿಷದಲ್ಲಿ ಯಾರೋ ಒಬ್ಬರು ಹೇಳುತ್ತಾರೆ. ಗುಡ್ಡದ ದಕ್ಷಿಣ ಇಳಿಜಾರಿನಲ್ಲಿ ಮೇನ್ ರಾಜ್ಯದ 20ನೇ ರೆಜಿಮೆಂಟ್ ನಿಂತಿತ್ತು. ಗುಂಡು ಮುಗಿಯುತ್ತಾ ಬಂದಾಗ ಬಯೊನೆಟ್ ಹಿಡಿದು ಕೆಳಗೆ ನುಗ್ಗಿತು. ಬಯೊನೆಟ್ ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಡೆವಿಲ್ಸ್ ಡೆನ್ ಬಂಡೆಗಳ ಮೇಲೆ ಓಡಾಡಲು ಮಕ್ಕಳಿಗೆ ಆಸೆ ಆಗುತ್ತದೆ. ಮಳೆ ಬಿದ್ದಿದ್ದರೆ ಬೇಡ. ಬಂಡೆ ಸಂದಿಗೆ ಕೈ ಹಾಕದಂತೆ ಹೇಳಿ, ಹಾವು ಇರಬಹುದು.

ದಾರಿಯಲ್ಲಿ ಫಿರಂಗಿ ಕಂಡಾಗ ಒಂದು ಆಟ. ಹಸಿರು ಬಣ್ಣದ ನಳಿಗೆ ಕಂಚು, ಕಪ್ಪಾದದ್ದು ಕಬ್ಬಿಣ. ಬಾಯಿಯೊಳಗೆ ಇಣುಕಿದಾಗ ಸುರುಳಿ ಗೀರು ಕಂಡರೆ ಅದು ದೂರಕ್ಕೆ ಗುರಿಯಿಟ್ಟು ಹೊಡೆಯುವಂಥದ್ದು. ಮುಟ್ಟದೆಯೇ ಇಷ್ಟು ಕಲಿಯಬಹುದು.

ಮಧ್ಯಾಹ್ನದ ಬಿಸಿಲಿಗೆ ಮ್ಯೂಸಿಯಂ. ಅಲ್ಲಿ 377 ಅಡಿ ಉದ್ದ, 42 ಅಡಿ ಎತ್ತರದ, ಸುತ್ತಲೂ ವೃತ್ತಾಕಾರವಾಗಿ ನಿಂತ ಒಂದು ಚಿತ್ರ ಇದೆ. ಇಂಥ ಚಿತ್ರಕ್ಕೆ ಸೈಕ್ಲೋರಾಮ ಅನ್ನುತ್ತಾರೆ. ಮೂರನೇ ದಿನದ ದಾಳಿಯ ಚಿತ್ರ ಅದು. ನಡಿಗೆಗೆ ಮುಂಚೆ ಇದನ್ನು ನೋಡಿದರೆ ಬಯಲಿನ ಗುರುತು ಸಿಗುತ್ತದೆ. ಗುಂಪಿನ ಟಿಕೆಟ್ ಮೊದಲೇ ಮಾಡಿಸಿ.

ಗೈಡ್ ಬೇಕಾ? ಕೈಯಲ್ಲಿ ಹಣ ಇದ್ದರೆ ಖಂಡಿತ. ಇಲ್ಲಿ ಪರೀಕ್ಷೆ ಪಾಸಾಗಿ ಪರವಾನಗಿ ಪಡೆದ ಗೈಡ್‌ಗಳಿದ್ದಾರೆ. 1915ರಿಂದ ನಡೆದುಬಂದ ಪದ್ಧತಿ ಅದು. ನಿಮ್ಮ ವಾಹನದಲ್ಲೇ ಕೂತು ತೋರಿಸುತ್ತಾರೆ. ಕಾಯ್ದಿರಿಸುವಾಗ ಮಕ್ಕಳ ವಯಸ್ಸು ಹೇಳಿ.

ಇನ್ನು ಮುಖ್ಯವಾದದ್ದು, ಸಂಜೆಯ ನಡಿಗೆ. ಜುಲೈ 3ರ ಮಧ್ಯಾಹ್ನ ಫಿರಂಗಿಗಳ ಭಾರೀ ದಾಳಿ ಆದ ಮೇಲೆ ಸುಮಾರು 12,500 ಕಾನ್ಫೆಡರೇಟ್ ಸೈನಿಕರು ಸೆಮಿನರಿ ರಿಜ್‌ನ ಕಾಡಿನಿಂದ ಹೊರಬಂದು, ಹೆಚ್ಚುಕಡಿಮೆ ಒಂದು ಮೈಲಿ ತೆರೆದ ಹೊಲ ದಾಟಿ ಯೂನಿಯನ್ ಸಾಲಿನ ಮೇಲೆ ನುಗ್ಗಿದರು. ಇದಕ್ಕೆ ಪಿಕೆಟ್ಸ್ ಚಾರ್ಜ್ ಅಂತ ಹೆಸರು. ಸುಮಾರು ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. ಆ ದಾರಿಯಲ್ಲಿ ಇವತ್ತು ಯಾರು ಬೇಕಾದರೂ ನಡೆಯಬಹುದು.

ವರ್ಜೀನಿಯಾ ಸ್ಮಾರಕದ ಹತ್ತಿರ, ಲೀ ಕುದುರೆಯ ಮೇಲೆ ಕೂತ ಕಂಚಿನ ಪ್ರತಿಮೆ ಇರುವ ಕಡೆಯಿಂದ ಶುರುಮಾಡಿ. ಮಕ್ಕಳನ್ನು ಅಕ್ಕಪಕ್ಕ ಒಂದೇ ಸಾಲಿನಲ್ಲಿ ನಿಲ್ಲಿಸಿ ದೂರದ ಮರಗಳ ಗುಂಪನ್ನು ತೋರಿಸಿ. ಆಮೇಲೆ ಹುಲ್ಲು ಕತ್ತರಿಸಿದ ದಾರಿಯಲ್ಲೇ ನಡೆಯಿರಿ. ಎರಡೂ ಬದಿ ಬೆಳೆ ಇರಬಹುದು, ತುಳಿಯಬೇಡಿ. ಮಾತು ಬೇಡ ಅಂತ ಮೊದಲೇ ಹೇಳಿ. ಕೂಗಾಟ, ಓಟ, ಯುದ್ಧದ ನಟನೆ ಯಾವುದೂ ಬೇಡ. ನೋಡಲು ಸಪಾಟು ಅನ್ನಿಸುವ ಹೊಲ ನಡೆಯುವಾಗ ಏರಿಳಿಯುತ್ತದೆ. ತಗ್ಗಿಗೆ ಇಳಿದಾಗ ಎದುರಿನ ಸಾಲು ಕಾಣಿಸುವುದೇ ಇಲ್ಲ. ಅಲ್ಲಿ ಒಂದು ನಿಮಿಷ ನಿಲ್ಲಿ. ಪುಸ್ತಕದಲ್ಲಿ ಎಷ್ಟು ಓದಿದರೂ ಇದು ತಿಳಿಯುವುದಿಲ್ಲ.

ಮುಂದೆ ಎಮಿಟ್ಸ್‌ಬರ್ಗ್ ರಸ್ತೆ ಅಡ್ಡ ಬರುತ್ತದೆ. ಎಚ್ಚರ, ಇದು ವಾಹನ ಓಡುವ ರಸ್ತೆ. ಹೊಳೆಯುವ ಅಂಗಿ ತೊಟ್ಟ ಇಬ್ಬರು ದೊಡ್ಡವರು ಎರಡೂ ಬದಿ ನಿಂತು ದಾಟಿಸಲಿ. ಸೈನಿಕರು ಈ ರಸ್ತೆಯ ಬೇಲಿ ಹತ್ತಿ ಇಳಿಯುವಾಗಲೇ ತುಂಬಾ ಜನ ಬಿದ್ದರು. ಕೊನೆಗೆ ಕಲ್ಲಿನ ಗೋಡೆ, ಅದು ಕೋನವಾಗಿ ತಿರುಗುವ ಜಾಗ. ಗೋಡೆ ದಾಟಿದ ಕಾನ್ಫೆಡರೇಟ್ ಸೇನಾಧಿಕಾರಿ ಆರ್ಮಿಸ್ಟೆಡ್ ಬಿದ್ದ ಕಡೆ ಒಂದು ಚಿಕ್ಕ ಕಲ್ಲಿದೆ. ಸ್ವಲ್ಪ ಉತ್ತರಕ್ಕೆ ಬ್ರಯಾನ್ ಮನೆ. ಆ ಹೆಸರು ಸಿಕ್ಕಿದ ಮಗು ಇಲ್ಲಿ ಮಾತಾಡಲಿ.

ವ್ಯಾನನ್ನು ಈ ತುದಿಗೆ ಮೊದಲೇ ತಂದು ನಿಲ್ಲಿಸಿರಿ. ಸುಸ್ತಾದ ಮಕ್ಕಳನ್ನು ಅದೇ ಬಿಸಿಲಲ್ಲಿ ವಾಪಸ್ ನಡೆಸಿದರೆ ನೆನಪಿನಲ್ಲಿ ಸುಸ್ತು ಮಾತ್ರ ಉಳಿಯುತ್ತದೆ.

8. ಶನಿವಾರ ರಾತ್ರಿ

ದೆವ್ವದ ಕಥೆ ಬೇಡ. ಊರಿನಲ್ಲಿ ದೆವ್ವದ ಹೆಸರಲ್ಲೇ ಪ್ರವಾಸಗಳು ನಡೆಯುತ್ತವೆ, ಮಕ್ಕಳು ಕೇಳಿಯೇ ಕೇಳುತ್ತಾರೆ. ಸತ್ತವರು ಯಾರದೋ ಮಕ್ಕಳು, ಯಾರದೋ ಅಪ್ಪ ಎಂದು ಬೆಳಗಿನಿಂದ ಹೇಳಿ, ರಾತ್ರಿ ಅವರನ್ನೇ ಹೆದರಿಸುವ ವಸ್ತು ಮಾಡುವುದು ಸರಿಯಲ್ಲ. ಚಿಕ್ಕ ಮಕ್ಕಳು ನಿದ್ದೆ ಮಾಡುವುದೂ ಇಲ್ಲ. ಬದಲಿಗೆ ಸೈನಿಕರ ಒಂದು ಪತ್ರ ಓದಿ, ಹ್ಯೂಮಿಸ್ಟನ್ ಕಥೆ ಇಲ್ಲೇ ಹೇಳಿಸಿ. ಕೇಳಿದ ಪ್ರಶ್ನೆಗೆಲ್ಲ ಉತ್ತರ ಗೊತ್ತಿರಬೇಕಾಗಿಲ್ಲ. "ದಕ್ಷಿಣದ ಸೈನಿಕರೆಲ್ಲ ಕೆಟ್ಟವರಾ?" ಅಂತ ಯಾರಾದರೂ ಕೇಳುತ್ತಾರೆ. ಒಬ್ಬ ಸೈನಿಕನ ಧೈರ್ಯ ಬೇರೆ, ಆ ಸೈನ್ಯ ಕಾಪಾಡಲು ಹೊರಟ ವ್ಯವಸ್ಥೆ ಬೇರೆ ಅಂತ ನಾನು ಹೇಳುತ್ತೇನೆ. ಹತ್ತು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ.

9. ಭಾನುವಾರ ಬೆಳಿಗ್ಗೆ

ಟೆಂಟ್ ಬಿಚ್ಚಿ, ಕಸ ಆರಿಸಿ, ಆಮೇಲೆ ಸೋಲ್ಜರ್ಸ್ ನ್ಯಾಷನಲ್ ಸೆಮೆಟರಿಗೆ ಹೋಗಿ. 1863ರ ನವೆಂಬರ್ 19ರಂದು ಅಧ್ಯಕ್ಷ ಲಿಂಕನ್ ಎರಡು ನಿಮಿಷದ ಭಾಷಣ ಮಾಡಿದ್ದು ಈ ಸ್ಮಶಾನದ ಸಮರ್ಪಣೆಯ ದಿನ. ಭಾಷಣ ಸುಮಾರು 270 ಪದ. ದೊಡ್ಡ ಮಕ್ಕಳಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ.

ಇಲ್ಲಿ 3,500ಕ್ಕೂ ಹೆಚ್ಚು ಯೂನಿಯನ್ ಸೈನಿಕರ ಸಮಾಧಿಗಳಿವೆ. ಅವರಲ್ಲಿ 979 ಜನರ ಗುರುತೇ ಸಿಗಲಿಲ್ಲ. ಅವರ ಕಲ್ಲಿನ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ ಮಾತ್ರ. ಮಕ್ಕಳು ಸಾಲುಗಳ ನಡುವೆ ಒಬ್ಬೊಬ್ಬರೇ ಐದು ನಿಮಿಷ ಸುಮ್ನೆ ನಡೆಯಲಿ. ಇಲ್ಲಿ ತಿಂಡಿ ಬೇಡ, ಆಟ ಬೇಡ, ಗುಂಪು ಫೋಟೊ ಬೇಕಿದ್ದರೆ ಗೇಟಿನ ಹೊರಗೆ. ಪಕ್ಕದ ಎವರ್‌ಗ್ರೀನ್ ಸ್ಮಶಾನದ ಬಾಗಿಲ ಮನೆಯ ಹತ್ತಿರ ಎಲಿಜಬೆತ್ ಥಾರ್ನ್ ಪ್ರತಿಮೆ ಇದೆ. ಬಸುರಿ ಹೆಂಗಸು, ಸಲಿಕೆಗೆ ಒರಗಿ ನಿಂತಿದ್ದಾರೆ. ಆ ಹೆಸರಿನ ಮಗುವಿನ ಸರದಿ ಅಲ್ಲಿ.

ಮಧ್ಯಾಹ್ನಕ್ಕೆ ಮುಂಚೆ ಹೊರಡಿ. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲದ ದೊಡ್ಡವರು ವಾಹನ ಓಡಿಸುತ್ತಿದ್ದೀರಿ, ಎರಡು ಗಂಟೆಗೊಮ್ಮೆ ಚಾಲಕರನ್ನು ಬದಲಿಸಿ.

10. ಮನೆಗೆ ಬಂದ ಮೇಲೆ

ತೊಟ್ಟ ಬಟ್ಟೆಯನ್ನು ಒಗೆಯುವ ಮುಂಚೆಯೇ ಡ್ರೈಯರಿಗೆ ಹಾಕಿ, ಜಾಸ್ತಿ ಶಾಖದಲ್ಲಿ 10 ನಿಮಿಷ ತಿರುಗಿಸಿ. ಬಟ್ಟೆ ಒದ್ದೆ ಇದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಉಣುಗು ನೀರಿಗೆ ಸಾಯದಿರಬಹುದು, ಒಣ ಶಾಖಕ್ಕೆ ಸಾಯುತ್ತದೆ. ಎರಡು ಗಂಟೆಯೊಳಗೆ ಸ್ನಾನ ಆಗಲಿ, ಆಗ ಇನ್ನೊಮ್ಮೆ ಮೈಯೆಲ್ಲ ನೋಡಿ. ಟೆಂಟನ್ನು ಬಿಚ್ಚಿ ಹರಡಿ ಪೂರ್ತಿ ಒಣಗಿಸಿ ಮಡಚಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಉಣುಗು ಕಚ್ಚಿದ ಮಗುವಿನ ಹೆಸರು, ತಾರೀಖು, ಮೈಯ ಯಾವ ಭಾಗ, ಇಷ್ಟನ್ನು ಬರೆದು ಅವರ ಅಪ್ಪ ಅಮ್ಮನಿಗೆ ಅದೇ ರಾತ್ರಿ ಕಳಿಸಿ. ಕೆಂಪು ಮಚ್ಚೆ 3ರಿಂದ 30 ದಿನದೊಳಗೆ ಯಾವಾಗ ಬೇಕಾದರೂ ಕಾಣಿಸಿಕೊಳ್ಳಬಹುದು, ಅಷ್ಟರಲ್ಲಿ ಕ್ಯಾಂಪಿನ ನೆನಪೇ ಹೋಗಿರುತ್ತದೆ. ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲು ಹೇಳಿ. ಜ್ವರವೋ ಮಚ್ಚೆಯೋ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದ ಮಾತು, "ಗೆಟ್ಟಿಸ್‌ಬರ್ಗ್‌ನಲ್ಲಿ ಕ್ಯಾಂಪ್ ಹೋಗಿದ್ದೆವು, ಉಣುಗು ಕಚ್ಚಿತ್ತು."